ಹಳೆ ಕಾರಿನ ಇಂಜಿನ್ ಶಬ್ದ: ಬಿಚ್ಚುವ ಮೊದಲು ಮೂಲ ಹುಡುಕುವ ಕ್ರಮ

ಮಳೆ ನಿಂತು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ನನಗೆ ಒಂದೇ ಥರದ ಫೋನು ಬರುತ್ತದೆ. “ಗಾಡೀಲಿ ಏನೋ ಟಕ್ ಟಕ್ ಅಂತ ಶಬ್ದ. ಆಯಿಲ್ ಬದಲಾಯಿಸಾಯ್ತು, ಬೆಲ್ಟ್ ಹಾಕಿಸಾಯ್ತು, ಟ್ಯಾಪೆಟ್ ಸೆಟ್ಟಿಂಗೂ ಆಯ್ತು. ಶಬ್ದ ಮಾತ್ರ ಹಾಗೇ ಇದೆ.” ತಣ್ಣಗಿದ್ದಾಗ ಬರುತ್ತೋ, ಬಿಸಿಯಾದ ಮೇಲೋ ಅಂತ ಕೇಳಿದರೆ ಆ ಕಡೆಯಿಂದ ಉತ್ತರ ಬರುವುದಿಲ್ಲ.

ಎಲ್ಲರೂ ಎಡವುವುದು ಅಲ್ಲೇ. ಶಬ್ದ ಕಿವಿಗೆ ಬಿದ್ದ ಕೂಡಲೇ ಕೈ ಪಾನಾ ಹುಡುಕುತ್ತದೆ. ಶಬ್ದ ಯಾವಾಗ ಬರುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಆಮೇಲೆ ಎಷ್ಟು ವೇಗವಾಗಿ ಬಡಿಯುತ್ತದೆ, ಆಮೇಲೆ ಎಲ್ಲಿಂದ ಬರುತ್ತದೆ. ಬಿಚ್ಚುವುದು ಕಟ್ಟಕಡೆಗೆ. ಈ ಕ್ರಮ ತಪ್ಪಿದರೆ ಒಂದು ಬಿಡಿಭಾಗ ಬದಲಾಗಬೇಕಾದ ಕಡೆ ಐದು ಬದಲಾಗುತ್ತವೆ.

ಇಲ್ಲಿ ಬರೆದದ್ದು ಹೆಚ್ಚಾಗಿ ಹಳೆ ಪೆಟ್ರೋಲ್ ಕಾರುಗಳಿಗೆ. ಮಾರುತಿ 800, ಓಮ್ನಿ, ಝೆನ್, ಎಸ್ಟೀಮ್, ಪದ್ಮಿನಿ ಅಂಥವಕ್ಕೆ. ಡೀಸೆಲ್ ಜೀಪು, ಸುಮೋಗಳಲ್ಲೂ ಹುಡುಕುವ ದಾರಿ ಇದೇ. ಒಂದು ಪರೀಕ್ಷೆಯನ್ನು ಮಾತ್ರ ಡೀಸೆಲ್‌ನಲ್ಲಿ ಮಾಡಲೇಬಾರದು. ಅದನ್ನು ಅದರ ಜಾಗದಲ್ಲಿ ಹೇಳಿದ್ದೇನೆ.

## ಮೊದಲು ಇದನ್ನು ಓದಿ: ಈ ಗುರುತು ಕಂಡರೆ ಇಂಜಿನ್ ಆಫ್ ಮಾಡಿ

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪ ಹತ್ತಿದೆ, ಜೊತೆಗೆ ಶಬ್ದವೂ ಇದೆ ಅಂದರೆ ಆ ಕ್ಷಣವೇ ಆಫ್ ಮಾಡಿ. “ಇನ್ನೆರಡು ಕಿಲೋಮೀಟರ್ ಅಷ್ಟೇ, ಮನೆ ಬಂತು” ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆಯಿಲ್ ಇಲ್ಲದೆ ಓಡಿದ ಬೇರಿಂಗು ನಿಮಿಷಗಳಲ್ಲಿ ಹಾಳಾಗುತ್ತದೆ.

ಇಂಜಿನ್ನಿನ ಕೆಳಭಾಗದಿಂದ ಸುತ್ತಿಗೆಯಲ್ಲಿ ಮರದ ದಿಮ್ಮಿಗೆ ಹೊಡೆದ ಹಾಗೆ ದಪ್ಪ ಶಬ್ದ ಬರುತ್ತಿದ್ದರೆ, ಬಿಸಿಯಾದಷ್ಟೂ ಅದು ಜೋರಾಗುತ್ತಿದ್ದರೆ, ಅದು ಕನೆಕ್ಟಿಂಗ್ ರಾಡಿನ (ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದರೆ ಇಂಜಿನ್ನಿನ ಕೆಳಗೆ ತಿರುಗುವ ದಂಡಕ್ಕೆ, ಸೇರಿಸುವ ರಾಡು) ಬೇರಿಂಗ್ ಆಗಿರಬಹುದು. ಟೆಂಪರೇಚರ್ ಮುಳ್ಳು ಏರುತ್ತಿದ್ದರೂ, ಟೈಮಿಂಗ್ ಬೆಲ್ಟಿನ ಕವರಿನೊಳಗಿಂದ ಉಜ್ಜುವ ಶಬ್ದ ಬಂದರೂ ಹೀಗೇ ಆಫ್ ಮಾಡಿ. ಟೈಮಿಂಗ್ ಬೆಲ್ಟ್ ಕಡಿದರೆ ಹಲವು ಇಂಜಿನ್‌ಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಗ್ಗುತ್ತವೆ.

ಘಾಟಿಯ ಮಧ್ಯೆ ಹೀಗಾದರೆ ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಬನ್ನಿ. ಎಳೆಸುವ ಬಾಡಿಗೆ ಎಷ್ಟೇ ಆದರೂ ಕ್ರ್ಯಾಂಕ್ ಕೆಲಸದ ಬಿಲ್ಲಿಗಿಂತ ಕಡಿಮೆ.

## ಬೇಕಾಗುವ ಸಾಮಾನು

ಉದ್ದನೆಯ ಸ್ಕ್ರೂಡ್ರೈವರ್ ಒಂದು, ಕಡಿಮೆ ಅಂದರೂ ಒಂದೂವರೆ ಅಡಿ ಉದ್ದದ್ದು. ಅದಿಲ್ಲದಿದ್ದರೆ ಒಣಗಿದ ಅಡಿಕೆ ದಬ್ಬೆಯನ್ನು ಬೆರಳು ದಪ್ಪಕ್ಕೆ ಸೀಳಿ ನಯ ಮಾಡಿಕೊಳ್ಳಿ. ಗಟ್ಟಿ ಮರ, ಶಬ್ದವನ್ನು ಚೆನ್ನಾಗಿ ಹೊತ್ತು ತರುತ್ತದೆ, ಕರೆಂಟ್ ಹೊಡೆಯುವ ಭಯವೂ ಇಲ್ಲ. ನಾನು ಈಗಲೂ ಬಳಸುವುದು ದಬ್ಬೆಯನ್ನೇ.

ಅದರ ಜೊತೆ ಮೂರಡಿ ರಬ್ಬರ್ ಪೈಪು, ಒಳ್ಳೆ ಟಾರ್ಚು, ನೀರು ಚಿಮುಕಿಸುವ ಬಾಟಲಿ, ಸ್ವಲ್ಪ ಸೋಪಿನ ನೀರು, 10, 12, 14ರ ಪಾನಾಗಳು, ಪ್ಲಗ್ ಸ್ಪಾನರ್, ದಪ್ಪ ಕೈಗವಸು, ಚಕ್ರಕ್ಕೆ ಕೊಡಲು ಎರಡು ಕಲ್ಲು. ಮೊಬೈಲ್ ಇದ್ದೇ ಇರುತ್ತದೆ. ಒಂದು ನೋಟ್‌ಬುಕ್ಕು ಪೆನ್ನು ಮರೆಯಬೇಡಿ, ಈ ಪಟ್ಟಿಯಲ್ಲಿ ಜಾಸ್ತಿ ಕೆಲಸ ಮಾಡುವುದು ಅದೇ.

## ಹಂತ 1: ಜಾಗ ಮತ್ತು ಹೊತ್ತು

ಮಲೆನಾಡಿನಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ಅಡಿಕೆ ಒಣಗಿಸುವ ಅಂಗಳ ಇದಕ್ಕೆ ಹೇಳಿ ಮಾಡಿಸಿದ್ದು. ಗಾಡಿ ಓರೆಯಾಗಿ ನಿಂತರೆ ಆಯಿಲ್ ಅಳತೆಯೂ ತಪ್ಪುತ್ತದೆ.

ಕೊಟ್ಟಿಗೆ ಅಥವಾ ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಓಡಿಸಿ ಪರೀಕ್ಷೆ ಮಾಡಬೇಡಿ. ಹೊರಗೆ ಮಳೆ ಸುರಿಯುತ್ತಿದೆ ಅಂತ ಬಾಗಿಲು ಹಾಕಿಕೊಂಡು ಮಾಡುವವರನ್ನು ನೋಡಿದ್ದೇನೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆ ಸುತ್ತುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಎದ್ದು ಬರುವ ಶಕ್ತಿಯೇ ಇರುವುದಿಲ್ಲ.

ಬೆಳಿಗ್ಗೆ ಬೇಗ ಮಾಡಿ. ಎರಡು ಕಾರಣ ಇದೆ. ರಾತ್ರಿಯೆಲ್ಲ ನಿಂತ ಇಂಜಿನ್ ಪೂರ್ತಿ ತಣ್ಣಗಿರುತ್ತದೆ, ಆ ಮೊದಲ ಸ್ಟಾರ್ಟಿನಲ್ಲಿ ಸಿಗುವ ಸುಳಿವು ಮತ್ತೆ ಇಡೀ ದಿನ ಸಿಗುವುದಿಲ್ಲ. ಇನ್ನೊಂದು, ಬೇಸಿಗೆ ಕೊನೆಯ ಸಂಜೆಗಳಲ್ಲಿ ಜೀರುಂಡೆ ಕೂಗು ಕಿವಿ ತುಂಬಿಕೊಂಡಿರುತ್ತದೆ. ಬೆಲ್ಟಿನ ಸಣ್ಣ ಕೀಚಲು ಅದರಲ್ಲಿ ಕರಗಿ ಹೋಗುತ್ತದೆ.

ಪಂಚೆ, ಹೆಗಲ ಮೇಲಿನ ಟವೆಲ್, ಕೊರಳ ಸರ, ಸಡಿಲ ತೋಳಿನ ಅಂಗಿ ಯಾವುದೂ ಬೇಡ. ರೇಡಿಯೇಟರ್ ಫ್ಯಾನು ತನ್ನಷ್ಟಕ್ಕೆ ಶುರುವಾಗುತ್ತದೆ, ಬೆರಳು ಅದರ ಹತ್ತಿರ ಇರಬಾರದು.

## ಹಂತ 2: ಸ್ಟಾರ್ಟ್ ಮಾಡುವ ಮೊದಲು ಕಣ್ಣಲ್ಲಿ ನೋಡಿ

ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಆಯಿಲ್ ಕೆಳಗಿನ ಗೆರೆಗಿಂತ ಕೆಳಗಿದ್ದರೆ ಮೊದಲು ಅದನ್ನು ಸರಿ ಮಾಡಿ. ಆಯಿಲ್ ಕಡಿಮೆಯಾದಾಗ ಮೊದಲು ಕೂಗುವುದು ಮೇಲೆ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟುಗಳು. ಎಷ್ಟೋ “ನಿಗೂಢ” ಶಬ್ದಗಳು ಅರ್ಧ ಲೀಟರ್ ಆಯಿಲಿನಲ್ಲೇ ಮುಗಿಯುತ್ತವೆ. ಆದರೆ ಆಯಿಲ್ ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಬಾಕಿ ಇರುತ್ತದೆ, ಅದನ್ನು ಬಿಡಬೇಡಿ.

ಶಬ್ದ ಅಡಗಿಸಲು ಮ್ಯಾನುಯಲ್‌ನಲ್ಲಿ ಹೇಳಿದ್ದಕ್ಕಿಂತ ದಪ್ಪ ಆಯಿಲ್ ಸುರಿಯುವುದು ತುಂಬಾ ಕಡೆ ನಡೆಯುವ ತಪ್ಪು. ಶಬ್ದ ಸ್ವಲ್ಪ ದಿನ ಮುಚ್ಚಿಹೋಗುತ್ತದೆ, ಸವೆತ ಒಳಗೇ ಮುಂದುವರಿಯುತ್ತದೆ. ಬೆಳಗಿನ ಚಳಿಯಲ್ಲಿ ಆ ದಪ್ಪ ಆಯಿಲ್ ಮೇಲೆ ಹತ್ತುವುದೂ ತಡ.

ಈಗ ಟಾರ್ಚ್ ಹಿಡಿದು ಬಾನೆಟ್ ಒಳಗೆ ನಿಧಾನವಾಗಿ ನೋಡಿ. ನಮ್ಮ ಕಡೆ ವಾರಕ್ಕೊಮ್ಮೆ ಪೇಟೆಗೆ ಹೋಗಿ ಉಳಿದ ದಿನ ಶೆಡ್ಡಿನಲ್ಲಿ ನಿಲ್ಲುವ ಗಾಡಿಗಳೇ ಜಾಸ್ತಿ. ಅಂಥ ಗಾಡಿಯಲ್ಲಿ ಇಲಿ ಸಂಸಾರ ಹೂಡುತ್ತದೆ. ಪಕ್ಕದ ಮನೆಯವರ ಓಮ್ನಿಯಲ್ಲಿ ರೇಸ್ ಮಾಡಿದಾಗ ಮಾತ್ರ ಕಟಕಟ ಅನ್ನುವ ಶಬ್ದ ಇತ್ತು. ಸೈಲೆನ್ಸರ್ ಪೈಪಿನ ಮೇಲೆ ಬಿಸಿ ತಡೆಯಲು ಹಾಕುವ ತಗಡಿನ ಸಂದಿಯಲ್ಲಿ ಮೂರು ಒಣ ಗೋಟಡಿಕೆ ಸಿಕ್ಕಿಕೊಂಡಿದ್ದವು. ಒಂದು ಬದಿ ಸುಟ್ಟು ಕಪ್ಪಾಗಿತ್ತು, ಇನ್ನೊಂದು ಬದಿಯಲ್ಲಿ ಹಲ್ಲಿನ ಗುರುತು. ಕಡ್ಡಿಯಲ್ಲಿ ಮೀಟಿ ತೆಗೆದೆವು, ಶಬ್ದ ಹೋಯಿತು.

ಒಣ ಎಲೆ ಬಾನೆಟ್ಟಿನ ಹಿಂಭಾಗದ ಜಾಲರಿಯಿಂದ ಇಳಿದು ಬ್ಲೋವರ್ ಫ್ಯಾನಿಗೆ ತಾಗಿದರೂ ಇಂಜಿನ್ ಶಬ್ದದ ಹಾಗೇ ಕೇಳುತ್ತದೆ. ಬ್ಲೋವರ್ ಆಫ್ ಮಾಡಿ ನೋಡಿದರೆ ಗೊತ್ತಾಗುತ್ತದೆ.

## ಹಂತ 3: ಯಾವಾಗ ಬರುತ್ತದೆ ಅಂತ ಬರೆದಿಡಿ

ಇದಕ್ಕೆ ಕನಿಷ್ಠ ಮೂರು ದಿನ ಕೊಡಿ. ಪ್ರತಿ ಸಲ ಶಬ್ದ ಬಂದಾಗ ಇಷ್ಟು ಬರೆಯಿರಿ: ಇಂಜಿನ್ ತಣ್ಣಗಿತ್ತೋ ಬಿಸಿಯೋ, ನಿಂತಿತ್ತೋ ಓಡುತ್ತಿತ್ತೋ, ಯಾವ ಗೇರು, ಏರೋ ಇಳಿಜಾರೋ, ಕ್ಲಚ್ ಒತ್ತಿತ್ತೋ ಬಿಟ್ಟಿತ್ತೋ, ಮಳೆ ಇತ್ತೋ. ಬರೆದಿಡದೆ ನೆನಪಿನ ಮೇಲೆ ಬಿಟ್ಟರೆ ಮೂರನೇ ದಿನ ಎಲ್ಲವೂ ಕಲಸಿ ಹೋಗುತ್ತದೆ.

ಈ ಪಟ್ಟಿಯೇ ಅರ್ಧ ಉತ್ತರ ಹೇಳುತ್ತದೆ.

ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಕಡಿಮೆಯಾಗುವುದು: ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಸಿಲಿಂಡರುಗಳ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಸೇರಿಸುವ ಭಾಗ) ಸಣ್ಣ ಲೀಕು, ಅಥವಾ ಸವೆದ ಪಿಸ್ಟನ್ ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಬಡಿಯುವುದು. ಎರಡರಲ್ಲೂ ಲೋಹ ಬಿಸಿಗೆ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ.

ಬಿಸಿಯಾದ ಮೇಲೆ ಶುರುವಾಗುವುದು ಅಥವಾ ಜೋರಾಗುವುದು: ಆಯಿಲ್ ತೆಳ್ಳಗಾಗಿ ಒತ್ತಡ ಸಾಲದಿರುವುದು, ಬೇರಿಂಗ್ ಸವೆತ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನಾಲ್ಕೈದು ದಿನ ನಿಂತ ಗಾಡಿ ಸ್ಟಾರ್ಟ್ ಆದ ಕೂಡಲೇ ಎರಡು ಮೂರು ಸೆಕೆಂಡು ಗಡಗಡ ಅಂದು ಸುಮ್ಮನಾಗುವುದು: ಫಿಲ್ಟರಿನಿಂದ ಆಯಿಲ್ ಕೆಳಗಿಳಿದಿರುತ್ತದೆ. ಮುಂದಿನ ಸಲ ಒಳ್ಳೆ ಫಿಲ್ಟರ್ ಹಾಕಿಸಿ, ಸದ್ಯಕ್ಕೆ ಗಾಬರಿ ಬೇಡ.

ಮಳೆಯಲ್ಲಿ ಮಾತ್ರ ಕೀಚಲು ಬರುವುದು: ಬೆಲ್ಟ್.

## ಹಂತ 4: ಇಂಜಿನ್ನಾ, ಗೇರ್‌ಬಾಕ್ಸಾ, ಚಕ್ರವಾ?

ಇದನ್ನು ಬಿಟ್ಟು ಮುಂದೆ ಹೋದವರು ಚಕ್ರದ ಬೇರಿಂಗಿನ ಶಬ್ದಕ್ಕೆ ಇಂಜಿನ್ ಬಿಚ್ಚಿಸಿದ್ದಾರೆ.

ಗಾಡಿಯನ್ನು ನಿಲ್ಲಿಸಿಯೇ, ನ್ಯೂಟ್ರಲ್‌ನಲ್ಲಿ, ರೇಸ್ ಮಾಡಿ ನೋಡಿ. ಓಡುವಾಗ ಬರುವ ಶಬ್ದ ನಿಂತಾಗ ಬರದಿದ್ದರೆ ಎರಡು ಸಾಧ್ಯತೆ ಉಳಿಯುತ್ತದೆ: ಚಕ್ರ, ಆಕ್ಸಲ್ ಕಡೆಯ ಶಬ್ದ, ಇಲ್ಲವೇ ಭಾರ ಬಿದ್ದಾಗ ಮಾತ್ರ ಬರುವ ಇಂಜಿನ್ ಶಬ್ದ.

ಇವೆರಡನ್ನು ಬೇರೆ ಮಾಡಲು ಸಮತಟ್ಟಾದ, ಖಾಲಿ ರಸ್ತೆ ಬೇಕು. ಭದ್ರಾವತಿ ಕಡೆಯ ಬಯಲು ರಸ್ತೆಯಲ್ಲಿ ಬೆಳಿಗ್ಗೆ ಬೇಗ ಹೋದರೆ ಅಂಥ ಜಾಗ ಸಿಗುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಇಂಜಿನ್ ಸ್ಲೋ ಆದರೂ ಶಬ್ದ ಹಾಗೇ ಇದ್ದು, ಗಾಡಿ ನಿಧಾನವಾದಂತೆ ತಾನೂ ನಿಧಾನವಾದರೆ ಅದು ಚಕ್ರದ್ದು. ಇಂಜಿನ್ ಜೊತೆ ಶಬ್ದವೂ ಬಿದ್ದರೆ ಇಂಜಿನ್ನಿನದ್ದು. ಘಾಟಿಯಲ್ಲಿ, ಇಳಿಜಾರಿನಲ್ಲಿ ಈ ಪರೀಕ್ಷೆ ಖಂಡಿತ ಬೇಡ. ನ್ಯೂಟ್ರಲ್‌ನಲ್ಲಿ ಇಳಿದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಶಬ್ದ ಎಡದಿಂದಲೋ ಬಲದಿಂದಲೋ ಅಂತ ತಿಳಿಯಲು ರಸ್ತೆ ಬದಿಯ ದರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಸಹಾಯ ಮಾಡುತ್ತದೆ. ಎರಡೂ ಕಿಟಕಿ ಇಳಿಸಿ ದರೆಯ ಪಕ್ಕದಲ್ಲಿ ನಿಧಾನ ಹೋಗಿ. ದರೆಗೆ ಬಡಿದು ವಾಪಸ್ ಬರುವ ಶಬ್ದ ತೆರೆದ ಜಾಗಕ್ಕಿಂತ ಎಷ್ಟೋ ಸ್ಪಷ್ಟ. ವಾಪಸ್ ಬರುವಾಗ ದರೆ ಇನ್ನೊಂದು ಬದಿಗೆ ಸಿಗುತ್ತದೆ, ಹೋಲಿಸಿ.

ಇನ್ನು ಕ್ಲಚ್ಚು. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಪೆಡಲ್ ಒತ್ತಿ. ಒತ್ತಿದಾಗ ಗರಗರ ಶುರುವಾದರೆ ಕ್ಲಚ್ ರಿಲೀಸ್ ಬೇರಿಂಗ್. ಇದ್ದ ಶಬ್ದ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗ್. ಪೂರ್ತಿ ಸ್ಟೇರಿಂಗ್ ತಿರುಗಿಸಿ ಹೋಗುವಾಗ ಟಕಟಕ ಅಂದರೆ ಆಕ್ಸಲ್ ಜಾಯಿಂಟ್. ಮಣ್ಣು ರಸ್ತೆಯಿಂದ ಬಂದ ಮೇಲೆ ಕಿರ್‌ರ್ ಅಂತ ಉಜ್ಜುತ್ತಿದ್ದು, ಬ್ರೇಕ್ ಮೆಲ್ಲಗೆ ಒತ್ತಿದಾಗ ಅದು ಬದಲಾದರೆ ಡಿಸ್ಕಿನ ಹಿಂದಿನ ತಗಡಿಗೆ ಜಂಬಿಟ್ಟಿಗೆ ಕಲ್ಲಿನ ಚೂರು ಸಿಕ್ಕಿದೆ ಅಂತ ಲೆಕ್ಕ.

## ಹಂತ 5: ಬಡಿತ ಎಣಿಸಿ

ಇಷ್ಟಾದ ಮೇಲೆ ಶಬ್ದ ಇಂಜಿನ್ನಿನದ್ದೇ ಅಂತ ಖಚಿತವಾದರೆ ಅದರ ಲಯ ನೋಡಿ. ಕ್ರ್ಯಾಂಕು ಎರಡು ಸುತ್ತು ಸುತ್ತಿದಾಗ ವಾಲ್ವು ತೆರೆಸುವ ಕ್ಯಾಮ್ ಒಂದೇ ಸುತ್ತು ಸುತ್ತುತ್ತದೆ. ಹಾಗಾಗಿ ವಾಲ್ವು, ರಾಕರ್, ಕಾರ್ಬ್ಯುರೇಟರ್ ಗಾಡಿಯ ಮೆಕ್ಯಾನಿಕಲ್ ಪೆಟ್ರೋಲ್ ಪಂಪು ಇವೆಲ್ಲ ಇಂಜಿನ್ ವೇಗದ ಅರ್ಧಕ್ಕೆ ಬಡಿಯುತ್ತವೆ. ಕ್ರ್ಯಾಂಕಿಗೆ ಸೇರಿದ ಶಬ್ದ ಸಾಮಾನ್ಯವಾಗಿ ಪೂರ್ತಿ ವೇಗಕ್ಕೆ ಬಡಿಯುತ್ತದೆ.

ಕಿವಿಯಲ್ಲಿ ಎಣಿಸುವುದು ಆಗದ ಮಾತು. ಮೊಬೈಲಿನಲ್ಲಿ ಹತ್ತು ಸೆಕೆಂಡು ರೆಕಾರ್ಡ್ ಮಾಡಿ, ಕಾಲು ವೇಗದಲ್ಲಿ ಪ್ಲೇ ಮಾಡಿ. ಇಂಜಿನ್ 900 ಆರ್‌ಪಿಎಂನಲ್ಲಿ ಐಡಲ್ ಇದ್ದರೆ, ನಿಧಾನ ಮಾಡಿದ ರೆಕಾರ್ಡಿನ 10 ಸೆಕೆಂಡಿನಲ್ಲಿ ಸುಮಾರು 19 ಬಡಿತ ಸಿಕ್ಕರೆ ಅರ್ಧ ವೇಗ. ಸುಮಾರು 37 ಸಿಕ್ಕರೆ ಪೂರ್ತಿ ವೇಗ. ಬೆರಳಲ್ಲಿ ಮೇಜು ತಟ್ಟುತ್ತಾ ಎಣಿಸಿ, ಎರಡು ಮೂರು ಸಲ ಮಾಡಿ.

ಲಯವೇ ಇಲ್ಲದೆ ಒಂದೇ ಸಮ ಗುಂಯ್ ಅಂದರೆ ಅಥವಾ ಗರ್‌ರ್ ಅಂದರೆ ತಿರುಗುವ ಬೇರಿಂಗನ್ನು ಹುಡುಕಿ. ಡೈನಮೋ, ವಾಟರ್ ಪಂಪ್, ಬೆಲ್ಟ್ ಟೆನ್ಷನರ್ ಅಂಥವು.

ಎಣಿಕೆಯೊಂದನ್ನೇ ನಂಬಿ ಬಿಚ್ಚಬೇಡಿ. ನಾನು ಎಡವಿದ್ದು ಇಲ್ಲೇ. ನನ್ನ 1997ರ ಮಾರುತಿ 800ರಲ್ಲಿ ಅರ್ಧ ಲೆಕ್ಕದ ಟಕ್ ಟಕ್ ಇತ್ತು. ಟ್ಯಾಪೆಟ್ ಅಂತ ನಾನೂ ನಂಬಿದೆ, ಒಂದು ಗ್ಯಾರೇಜಿನವರೂ ನಂಬಿದರು. ಎರಡು ಸಲ ಸೆಟ್ಟಿಂಗ್ ಆಯಿತು. ಮೂರನೇ ಸಲ ಹೆಡ್ (ಇಂಜಿನ್ನಿನ ಮೇಲ್ಭಾಗ) ಇಳಿಸಬೇಕು ಅಂದರು. ಅದೃಷ್ಟಕ್ಕೆ ಆ ವಾರ ಬಿಡಿಭಾಗ ಸಿಗಲಿಲ್ಲ.

ಮನೆಗೆ ತಂದು ಮಾರನೆ ಬೆಳಿಗ್ಗೆ ಟಾರ್ಚ್ ಹಾಕಿ ನೋಡಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡು ಹೆಡ್ಡಿಗೆ ಸೇರುವ ಜಾಗದಲ್ಲಿ, ತುದಿಯ ಸಿಲಿಂಡರಿನ ಹತ್ತಿರ, ದೀಪದ ಕುಡಿಯ ಮೇಲೆ ಹಿಡಿದ ತಟ್ಟೆಯ ಹಾಗೆ ಮಸಿ ಹಿಡಿದಿತ್ತು. ಬೆರಳಲ್ಲಿ ಒರೆಸಿದರೆ ಕಾಡಿಗೆಯಷ್ಟೇ ನುಣ್ಣಗೆ. ಒಂದು ನಟ್ಟು ಸಡಿಲವಾಗಿ ಗ್ಯಾಸ್ಕೆಟ್ ಸುಟ್ಟಿತ್ತು. ಪ್ರತಿ ಸಿಲಿಂಡರು ಎರಡು ಸುತ್ತಿಗೆ ಒಂದೇ ಸಲ ಹೊಗೆ ಬಿಡುವುದರಿಂದ ಅದರ ಲೀಕು ಕೂಡ ಟ್ಯಾಪೆಟ್ಟಿನ ಲೆಕ್ಕಕ್ಕೇ ಬಡಿಯುತ್ತದೆ. ಆಗ ಇದು ಗೊತ್ತಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

## ಹಂತ 6: ಜಾಗ ಹುಡುಕಿ

ದಬ್ಬೆಯ ಅಥವಾ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಅಲುಗಾಡದ ಭಾಗಕ್ಕೆ ತಾಗಿಸಿ. ಇನ್ನೊಂದು ತುದಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಹಿಡಿಯಿರಿ, ಕಿವಿಯೊಳಗೆ ತೂರಿಸಬೇಡಿ. ಇನ್ನೊಂದು ಕಿವಿ ಮುಚ್ಚಿಕೊಳ್ಳಿ. ತಿರುಗುವ ಪುಲ್ಲಿ, ಬೆಲ್ಟ್, ಫ್ಯಾನಿಗೆ ಕೋಲು ತಾಗಿದರೆ ಅದು ಮುಖಕ್ಕೇ ಬಡಿಯುತ್ತದೆ. ಸ್ಕ್ರೂಡ್ರೈವರನ್ನು ಪ್ಲಗ್ ವೈರು, ಕಾಯಿಲ್ ಹತ್ತಿರ ಒಯ್ಯಬೇಡಿ.

ಕೇಳುವ ಕ್ರಮ ಮೇಲಿನಿಂದ ಕೆಳಗೆ ಇರಲಿ. ಮೊದಲು ಟ್ಯಾಪೆಟ್ ಕವರಿನ ಮೇಲೆ ಒಂದೊಂದು ಸಿಲಿಂಡರಿನ ನೇರಕ್ಕೆ, ಮಾರುತಿ 800ರಲ್ಲಾದರೆ ಮೂರು ಕಡೆ. ಆಮೇಲೆ ಪೆಟ್ರೋಲ್ ಪಂಪಿನ ಬುಡ, ಡಿಸ್ಟ್ರಿಬ್ಯೂಟರ್, ಡೈನಮೋದ ಬಾಡಿ, ವಾಟರ್ ಪಂಪಿನ ಬಾಡಿ, ಟೈಮಿಂಗ್ ಕವರ್. ಕೊನೆಗೆ ಬ್ಲಾಕಿನ ಮಧ್ಯ, ತಳದಲ್ಲಿ ಆಯಿಲ್ ನಿಲ್ಲುವ ಸಂಪಿನ ಅಂಚು.

ಮೊದಲ ಸಲ ಕೇಳಿದವರಿಗೆ ಎಲ್ಲ ಕಡೆಯೂ ಶಬ್ದ ಇದ್ದ ಹಾಗೆ ಅನಿಸುತ್ತದೆ. ಲೋಹ ಶಬ್ದವನ್ನು ಹರಡುತ್ತದೆ, ಅದು ಸಹಜ. ಇಲ್ಲಿ ನೋಡಬೇಕಾದ್ದು ವ್ಯತ್ಯಾಸ. ಒಂದು ಜಾಗದಲ್ಲಿ ಶಬ್ದ ಚೂಪಾಗಿ, ಕಿವಿಯ ಪಕ್ಕದಲ್ಲೇ ಹೊಡೆದ ಹಾಗೆ ಕೇಳುತ್ತದೆ. ಅಲ್ಲಿಂದ ಎರಡು ಇಂಚು ಸರಿದರೆ ಮಂಕಾಗುತ್ತದೆ. ಆ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಸಾಧ್ಯವಾದರೆ ಅದೇ ಮಾದರಿಯ ಇನ್ನೊಂದು ಒಳ್ಳೆ ಗಾಡಿಯನ್ನು ಹೀಗೇ ಕೇಳಿ ನೋಡಿ. ಸರಿಯಿರುವ ಇಂಜಿನ್ ಹೇಗೆ ಕೇಳುತ್ತದೆ ಅಂತ ಗೊತ್ತಿಲ್ಲದೆ ಕೆಟ್ಟದ್ದನ್ನು ಗುರುತಿಸುವುದು ಹೇಗೆ, ಅಲ್ವಾ? ಎಂಪಿಎಫ್‌ಐ ಗಾಡಿಯಲ್ಲಿ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವಂಥದ್ದು) ಇಂಜೆಕ್ಟರುಗಳು ಟಿಕ್ ಟಿಕ್ ಅನ್ನುವುದು ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಗಾಳಿ ಸೋರುವ ಶಬ್ದಕ್ಕೆ ಕೋಲು ಪ್ರಯೋಜನವಿಲ್ಲ. ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು ಇನ್ನೊಂದನ್ನು ಜಾಯಿಂಟುಗಳ ಹತ್ತಿರ ಮೆಲ್ಲಗೆ ಆಡಿಸಿ. ಪ್ಲಗ್ ಸಡಿಲವಾಗಿದ್ದರೂ ಚಫ್ ಚಫ್ ಅಂತ ಪೈಪಿನಲ್ಲಿ ಚೆನ್ನಾಗಿ ಕೇಳುತ್ತದೆ.

## ಹಂತ 7: ಒಂದೊಂದನ್ನೇ ಬೇರೆ ಮಾಡಿ ನೋಡಿ

ಗುರುತು ಹಾಕಿದ ಜಾಗಕ್ಕೆ ತಕ್ಕಂತೆ ಕೆಳಗಿನ ಪರೀಕ್ಷೆ ಆರಿಸಿಕೊಳ್ಳಿ. ಒಂದು ಸಲಕ್ಕೆ ಒಂದೇ. ಬೆಲ್ಟ್ ಬಿಗಿ ಮಾಡಿ, ಪ್ಲಗ್ಗೂ ಬದಲಾಯಿಸಿ, ಟ್ಯಾಪೆಟ್ಟೂ ಮುಟ್ಟಿದರೆ ಶಬ್ದ ಹೋದರೂ ಯಾವುದರಿಂದ ಹೋಯಿತು ಅಂತ ತಿಳಿಯುವುದಿಲ್ಲ. ಮುಂದಿನ ಸಲ ಬಂದಾಗ ಮತ್ತೆ ಮೊದಲಿನಿಂದ ಶುರು.

ಬೆಲ್ಟ್. ಐಡಲ್‌ನಲ್ಲಿ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ. ಕೀಚಲು ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ, ಅಂದರೆ ಸಡಿಲ. ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ, ಅಥವಾ ಬೆಲ್ಟ್ ಸವೆದಿದೆ. ಬಿಗಿ ನೋಡಲು ಇಂಜಿನ್ ಆಫ್ ಮಾಡಿ, ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳಲ್ಲಿ ಒತ್ತಿ. ಹಳೆ ಗಾಡಿಗಳಲ್ಲಿ ಸುಮಾರು 10 ಮಿಲಿಮೀಟರ್ ಬಾಗಿದರೆ ಸಾಮಾನ್ಯವಾಗಿ ಸರಿ. ಅತಿಯಾಗಿ ಬಿಗಿ ಮಾಡಿದರೆ ಡೈನಮೋ, ವಾಟರ್ ಪಂಪ್ ಬೇರಿಂಗ್ ಹೋಗುತ್ತದೆ. ಬೆಲ್ಟಿಗೆ ಸೋಪು, ಕೊಬ್ಬರಿ ಎಣ್ಣೆ, ಗ್ರೀಸ್ ಹಚ್ಚುವುದು ದಯವಿಟ್ಟು ಬೇಡ. ಎಣ್ಣೆಗೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಡೈನಮೋ, ವಾಟರ್ ಪಂಪ್. ಇಂಜಿನ್ ತಣ್ಣಗಿದ್ದಾಗ ಬೆಲ್ಟನ್ನೇ ಕಳಚಿ ಸ್ಟಾರ್ಟ್ ಮಾಡಿ. ಶಬ್ದ ಹೋದರೆ ಆ ಬೆಲ್ಟ್ ತಿರುಗಿಸುವ ಯಾವುದೋ ಒಂದರದ್ದು. ಅರ್ಧ ನಿಮಿಷಕ್ಕಿಂತ ಜಾಸ್ತಿ ಓಡಿಸಬೇಡಿ, ವಾಟರ್ ಪಂಪ್ ತಿರುಗದೆ ಇಂಜಿನ್ ಬಿಸಿಯಾಗುತ್ತದೆ. ಆಫ್ ಮಾಡಿ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಕೆಟ್ಟ ಬೇರಿಂಗು ಮರಳು ಅರೆದ ಹಾಗೆ ಕೈಗೆ ತಿಳಿಯುತ್ತದೆ. ವಾಟರ್ ಪಂಪಿನ ಕೆಳಗೆ ಸಣ್ಣ ತೂತಿರುತ್ತದೆ, ಅಲ್ಲಿಂದ ನೀರಿಳಿದ ಕಲೆ ಇದ್ದರೆ ಪಂಪಿನ ಸೀಲ್ ಹೋಗಿದೆ. ಬಾವಿ ನೀರನ್ನೇ ರೇಡಿಯೇಟರಿಗೆ ಹಾಕುವ ನಮ್ಮ ಕಡೆಯ ಅಭ್ಯಾಸ ಇದಕ್ಕೆ ದೊಡ್ಡ ಕಾರಣ. ಕೂಲೆಂಟ್ ತುಕ್ಕು ತಡೆಯುತ್ತದೆ, ಬರಿ ನೀರು ತಡೆಯುವುದಿಲ್ಲ.

ಎಕ್ಸಾಸ್ಟ್. ತಣ್ಣಗಿದ್ದಾಗ ಮ್ಯಾನಿಫೋಲ್ಡ್ ಜಾಯಿಂಟಿಗೆ ಸೋಪಿನ ನೀರು ಚಿಮುಕಿಸಿ ಸ್ಟಾರ್ಟ್ ಮಾಡಿ. ಲೀಕಿರುವಲ್ಲಿ ನೊರೆ ಏಳುತ್ತದೆ. ಇನ್ನೊಂದು ದಾರಿ ಇದೆ. ಒಬ್ಬರು ಕೈಗವಸು ಹಾಕಿ ಒದ್ದೆ ಗೋಣಿಚೀಲದಿಂದ ಸೈಲೆನ್ಸರ್ ಬಾಯಿಯನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿಯಲಿ, ಮುಖ ದೂರ ಇರಲಿ. ಇನ್ನೊಬ್ಬರು ಬಾನೆಟ್ ಹತ್ತಿರ ಕೇಳಲಿ. ಲೀಕಿದ್ದರೆ ಟಕ್ ಟಕ್ ಒಮ್ಮೆಲೇ ಜೋರಾಗುತ್ತದೆ. ತುಕ್ಕು ಹಿಡಿದ ಕ್ಲಾಂಪು, ತಗಡುಗಳನ್ನು ತಣ್ಣಗಿದ್ದಾಗ ದಬ್ಬೆಯಿಂದ ತಟ್ಟಿ. ಅಲುಗಿದ್ದು ತಾನೇ ಹೇಳುತ್ತದೆ. ನಾಲ್ಕು ತಿಂಗಳ ಮಳೆಗೆ ಮೊದಲು ಹೋಗುವುದು ಇವೇ.

ಟ್ಯಾಪೆಟ್. ಮ್ಯಾನುಯಲ್‌ನಲ್ಲಿ ಹೇಳಿದ ಅಳತೆಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ ನೋಡಬೇಕು. ಆ ಅಳತೆ ತಣ್ಣಗಿನ ಇಂಜಿನ್ನಿಗೋ ಬಿಸಿ ಇಂಜಿನ್ನಿಗೋ ಅನ್ನುವುದನ್ನೂ ಓದಿಕೊಳ್ಳಿ. ಶಬ್ದ ನಿಲ್ಲುವವರೆಗೆ ಬಿಗಿ ಮಾಡುತ್ತಾ ಹೋಗುವುದು ಅಪಾಯ. ಸಂದಿ ಇಲ್ಲದ ವಾಲ್ವು ಪೂರ್ತಿ ಮುಚ್ಚುವುದಿಲ್ಲ, ಕೂರುವ ಅಂಚು ಸುಟ್ಟು ಹೋಗುತ್ತದೆ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್ ಸದ್ದೇ ಇಲ್ಲದ್ದಕ್ಕಿಂತ ವಾಸಿ.

ಸಿಲಿಂಡರ್. ಶಬ್ದ ಬ್ಲಾಕಿನೊಳಗಿಂದ ಬರುತ್ತಿದ್ದರೆ ಯಾವ ಸಿಲಿಂಡರ್ ಅಂತ ನೋಡಬೇಕು. ಕಾರ್ಬ್ಯುರೇಟರ್ ಗಾಡಿಯಲ್ಲಿ ಇಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ತೆಗೆದು, ಅದಕ್ಕೆ ಹಳೆ ಪ್ಲಗ್ ಒಂದನ್ನು ಸಿಕ್ಕಿಸಿ, ಪ್ಲಗ್ಗಿನ ಲೋಹ ಇಂಜಿನ್ನಿಗೆ ತಾಗಿರುವಂತೆ ಬಿಗಿಯಾಗಿ ಕಟ್ಟಿ. ಪೆಟ್ರೋಲ್ ಪೈಪು, ಕಾರ್ಬ್ಯುರೇಟರಿನಿಂದ ದೂರ ಇರಲಿ, ಅಲ್ಲಿ ಕಿಡಿ ಹಾರುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ ಕೇಳಿ. ಆ ಸಿಲಿಂಡರ್ ಸತ್ತಾಗ ಶಬ್ದವೂ ಇಳಿದರೆ ತೊಂದರೆ ಅದರ ಪಿಸ್ಟನ್ ಅಥವಾ ರಾಡಿನಲ್ಲಿದೆ. ಯಾವುದನ್ನು ತೆಗೆದರೂ ಶಬ್ದ ಬದಲಾಗದಿದ್ದರೆ ವಾಲ್ವಿನ ಕಡೆಗೆ ವಾಪಸ್ ಹೋಗಿ. ಓಡುತ್ತಿರುವಾಗಲೇ ವೈರ್ ಕೀಳಬೇಡಿ, ಜೋರಾಗಿ ಹೊಡೆಯುತ್ತದೆ. ಎಂಪಿಎಫ್‌ಐ ಗಾಡಿಯಲ್ಲಿ ಪ್ಲಗ್ ವೈರಿನ ಬದಲು ಇಂಜೆಕ್ಟರಿನ ಕನೆಕ್ಟರ್ ತೆಗೆಯಿರಿ. ಹಾಗೆ ಮಾಡಿದರೆ ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗುವುದಿಲ್ಲ.

ಡೀಸೆಲ್‌ನಲ್ಲಿ ಮಾಡಬಾರದು ಅಂದದ್ದು ಈ ಪರೀಕ್ಷೆಯನ್ನೇ. ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ನೋಡುವ ಹಳೆ ಪದ್ಧತಿಯೊಂದಿದೆ. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ, ಬೆರಳು ಕಳೆದುಕೊಳ್ಳುವಂಥ ಗಾಯ ಆಗುತ್ತದೆ. ಮುಟ್ಟಬೇಡಿ.

ಇಂಜಿನ್ ಮೌಂಟಿಂಗ್. ಗೇರ್ ಹಾಕಿ ಬಿಡುವಾಗ ಒಮ್ಮೆ ಧಡ್ ಅಂದರೆ ಇದನ್ನು ನೋಡಿ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಒಬ್ಬರು ಬ್ರೇಕ್ ಒತ್ತಿ ಮೊದಲ ಗೇರಿನಲ್ಲಿ ಕ್ಲಚ್ಚನ್ನು ಸ್ವಲ್ಪ ಬಿಡಲಿ. ಬಾನೆಟ್ ತೆಗೆದು ಪಕ್ಕದಿಂದ ನೋಡಿ, ಮುಂದೆ ಯಾರೂ ನಿಲ್ಲಬಾರದು. ಇಂಜಿನ್ ಎದ್ದು ಕೂತ ಹಾಗೆ ಕಂಡರೆ ರಬ್ಬರು ಹರಿದಿದೆ.

## ಹಂತ 8: ಏರಿನಲ್ಲಿ ಮಾತ್ರ ಬರುವ ಶಬ್ದ

ಅಂಗಳದಲ್ಲಿ ಎಷ್ಟು ರೇಸ್ ಮಾಡಿದರೂ ಬಾರದ್ದು ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತುವಾಗ ಬರುತ್ತದೆ. ತಗಡಿನ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದಂಥ ಶಬ್ದ. ಆಕ್ಸಿಲರೇಟರ್ ಸ್ವಲ್ಪ ಬಿಟ್ಟರೆ ನಿಲ್ಲುತ್ತದೆ, ಒತ್ತಿದರೆ ಮತ್ತೆ ಬರುತ್ತದೆ. ಇದನ್ನು ನಾಕಿಂಗ್ ಅನ್ನುತ್ತಾರೆ. ಪೆಟ್ರೋಲು ಸರಿಯಾಗಿ ಉರಿಯದೆ ಸಿಲಿಂಡರಿನೊಳಗೆ ಸಿಡಿಯುವ ಶಬ್ದ ಅದು.

ಮೊದಲು ಗೇರು ಇಳಿಸಿ. ಮೂರರಲ್ಲಿ ಎಳೆಯಲಾರದ ಏರನ್ನು ಮೂರರಲ್ಲೇ ಎಳೆಸುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ಪೆಟ್ರೋಲ್ ಉಳಿಯುತ್ತದೆ ಅಂತ. ಎರಡಕ್ಕೆ ಇಳಿಸಿದ ಮೇಲೆ ಶಬ್ದ ನಿಂತರೆ ತಪ್ಪು ಗಾಡಿಯದ್ದಲ್ಲ. ಗೇರು ಇಳಿಸಿದರೂ ಬಂದರೆ ಇಗ್ನಿಷನ್ ಟೈಮಿಂಗ್, ಸಿಲಿಂಡರಿನ ಕಾರ್ಬನ್, ಇಂಜಿನ್ ಬಿಸಿ ಇವನ್ನು ಈ ಕ್ರಮದಲ್ಲೇ ನೋಡಿಸಿ. ಹಾಗೇ ಓಡಿಸುತ್ತಾ ಹೋದರೆ ಪಿಸ್ಟನ್ನಿಗೆ ತೂತು ಬೀಳಬಹುದು.

ಏರಿನಲ್ಲಿ ಕೇಳುವಾಗ ಜೊತೆಗೊಬ್ಬರು ಇರಲಿ. ಕೇಳುವುದು, ರೆಕಾರ್ಡ್ ಮಾಡುವುದು ಅವರ ಕೆಲಸ, ನಿಮ್ಮ ಕಣ್ಣು ರಸ್ತೆಯ ಮೇಲೆ.

## ಹಂತ 9: ಗ್ಯಾರೇಜಿಗೆ ಏನು ಒಯ್ಯಬೇಕು

ಶಬ್ದ ಇಂಜಿನ್ನಿನ ಒಳಗಿನದ್ದೇ ಅಂತ ಅನಿಸಿದರೆ, ಹೆಡ್ ಇಳಿಸಲು ಒಪ್ಪುವ ಮೊದಲು ಆಯಿಲ್ ಇಳಿಸಿ ನೋಡಲು ಹೇಳಿ. ಬಿಳಿ ಬಟ್ಟಲಿಗೆ ಸ್ವಲ್ಪ ಹಾಕಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಪುಡಿ ಇದ್ದರೆ ಅಯಸ್ಕಾಂತ ಅದ್ದಿ. ಹಿಡಿದದ್ದು ಕಬ್ಬಿಣ. ಹಿಡಿಯದೆ ಬೆಳ್ಳಿ ಅಥವಾ ತಾಮ್ರದ ಬಣ್ಣದಲ್ಲಿ ಉಳಿದದ್ದು ಹೆಚ್ಚಾಗಿ ಬೇರಿಂಗಿನದ್ದು. ಅದು ಕಂಡರೆ ಗಾಡಿ ಓಡಿಸುವುದು ನಿಲ್ಲಿಸಿ.

ಗ್ಯಾರೇಜಿನಲ್ಲಿ “ಏನೋ ಶಬ್ದ ಬರ್ತಿದೆ” ಅಂತ ಹೇಳಿ ಬೀಗದ ಕೈ ಕೊಟ್ಟು ಬರಬೇಡಿ. “ತಣ್ಣಗಿದ್ದಾಗ ಬರುತ್ತೆ, ಐದು ನಿಮಿಷಕ್ಕೆ ಹೋಗುತ್ತೆ, ಅರ್ಧ ಲೆಕ್ಕ, ತುದಿ ಸಿಲಿಂಡರ್ ಹತ್ತಿರ ಜೋರು, ಬೆಲ್ಟ್ ಕಳಚಿದರೂ ಇತ್ತು” ಅಂತ ಹೇಳಿ. ಚಾಕ್‌ಪೀಸ್ ಗುರುತು ತೋರಿಸಿ, ರೆಕಾರ್ಡ್ ಕೇಳಿಸಿ. ತಣ್ಣಗಿದ್ದಾಗ ಮಾತ್ರ ಬರುವ ಶಬ್ದವಾದರೆ ಹಿಂದಿನ ದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ, ಬೆಳಿಗ್ಗೆ ಮೊದಲ ಸ್ಟಾರ್ಟನ್ನು ಮೆಕ್ಯಾನಿಕ್ಕೇ ಮಾಡಲಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಓಡಿಸಿಕೊಂಡು ಹೋದ ಬಿಸಿ ಇಂಜಿನ್ನಿನಲ್ಲಿ ಅವರಿಗೆ ಏನೂ ಕೇಳಿಸುವುದಿಲ್ಲ, ತಪ್ಪು ಅವರದ್ದಲ್ಲ. ಬದಲಾಯಿಸಿದ ಹಳೆ ಭಾಗವನ್ನು ಕೇಳಿ ಪಡೆಯಿರಿ. ಸವೆತ ಎಲ್ಲಿದೆ ಅಂತ ಕಣ್ಣಾರೆ ನೋಡಿ.

ರಿಪೇರಿ ಆದ ಮೇಲೆ ನೋಟ್‌ಬುಕ್ ತೆಗೆಯಿರಿ. ಶಬ್ದ ಬರುತ್ತಿದ್ದ ಅದೇ ಹೊತ್ತು, ಅದೇ ಏರು, ಅದೇ ಗೇರು. ಮೂರು ಬೆಳಿಗ್ಗೆ ತಣ್ಣಗಿನ ಸ್ಟಾರ್ಟಿನಲ್ಲಿ ಕೇಳಿ, ಪ್ರತಿ ಸಲ ಹತ್ತು ಸೆಕೆಂಡು ರೆಕಾರ್ಡ್ ಮಾಡಿ ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿ. ಗ್ಯಾಸ್ಕೆಟ್ ಹಾಕಿಸಿದ್ದರೆ ಇನ್ನೊಂದು ಕೆಲಸ ಇದೆ: ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ, ಇಂಜಿನ್ ತಣ್ಣಗಿದ್ದಾಗ, ಮ್ಯಾನಿಫೋಲ್ಡಿನ ನಟ್ಟುಗಳನ್ನು ಒಮ್ಮೆ ನೋಡಿಸಿ. ನನ್ನ 800ರಲ್ಲಿ ಹೊಸ ಗ್ಯಾಸ್ಕೆಟ್ ಕೂತ ಮೇಲೆ ಅದೇ ತುದಿಯ ನಟ್ಟು ಕಾಲು ಸುತ್ತು ಬಿಗಿ ತೆಗೆದುಕೊಂಡಿತು.